ರಸ್ತೆಗೆ ಕಿವಿ ಇಟ್ಟವರು

ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನ್ ಎತ್ತುವ ಕೆಲಸ ನನ್ನದು. ಹನ್ನೊಂದು ವರ್ಷವಾಯಿತು. ಒಂದು ಮೇಜು, ಒಂದು ಫೋನು, ಒಂದು ಕಂಪ್ಯೂಟರು, ಬೆನ್ನ ಹಿಂದೆ ಗೋಡೆಯ ಮೇಲೆ ಪೈಪುಗಳ ನಕ್ಷೆ. ನಕ್ಷೆ ಹಳೆಯದು, ಅದರಲ್ಲಿ ಇರುವ ಬೀದಿಗಳಿಗಿಂತ ಇಲ್ಲದ ಬೀದಿಗಳೇ ಹೆಚ್ಚು.

ಮೊದಮೊದಲು ಫೋನ್ ಮಾಡುವವರು "ನಮಸ್ಕಾರ, ಸ್ವಲ್ಪ ತೊಂದರೆಯಾಗಿದೆ" ಎಂದು ಶುರು ಮಾಡುತ್ತಿದ್ದರು. ಈಗ ನಾನು ಹಲೋ ಅನ್ನುವುದರೊಳಗೆ ನನ್ನ ವಂಶದ ವಿಚಾರಣೆ ಮುಗಿದಿರುತ್ತದೆ. ನಮ್ಮಪ್ಪ ತೀರಿಕೊಂಡು ಬಹಳ ಕಾಲವಾಯಿತು. ಆದರೂ ಅವರನ್ನು ದಿನಕ್ಕೆ ನಾಲ್ಕು ಸಲವಾದರೂ ಯಾರಾದರೊಬ್ಬರು ನೆನೆಯುತ್ತಾರೆ.

ನಾನು ತಿರುಗಿ ಮಾತಾಡುವ ಹಾಗಿಲ್ಲ, ಕರೆ ರೆಕಾರ್ಡ್ ಆಗುತ್ತದೆ. "ದಾಖಲು ಮಾಡಿಕೊಂಡಿದ್ದೇನೆ ಸರ್", "ದಾಖಲು ಮಾಡಿಕೊಂಡಿದ್ದೇನೆ ಮೇಡಂ", ಅಷ್ಟೇ. ಹಾಗೆ ನುಂಗಿದ್ದೆಲ್ಲ ಎಲ್ಲಾದರೂ ಹೊರಗೆ ಬರಬೇಕಲ್ಲ. ನನ್ನದು ಬರುತ್ತಿದ್ದದ್ದು ಮೊಬೈಲಿನಲ್ಲಿ. ಊರಿನವರೆಲ್ಲ ಸೇರಿಕೊಂಡಿರುವ ಒಂದು ಪುಟವಿದೆ. ಗುಂಡಿ ಬಿದ್ದ ರಸ್ತೆ, ಕೆಟ್ಟ ದೀಪ, ತಪ್ಪಿಸಿಕೊಂಡ ಬೆಕ್ಕು, ಎಲ್ಲವನ್ನೂ ಅಲ್ಲಿ ಹಾಕುತ್ತಾರೆ. ಅಲ್ಲಿ ನನ್ನ ಹೆಸರು ಗುಂಡುಪಿನ್. ಮುಖದ ಜಾಗದಲ್ಲಿ ಒಂದು ಗುಂಡುಪಿನ್ನಿನದೇ ಚಿತ್ರ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ನಾಲ್ಕು ಜನಕ್ಕೆ ಚುಚ್ಚಿದರೆ ಬೆಳಗ್ಗೆಯಿಂದ ನುಂಗಿದ್ದು ಅರಗುತ್ತಿತ್ತು. ಚೆನ್ನಾಗಿ ಚುಚ್ಚುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ಚೆನ್ನಾಗಿಯೇ ಚುಚ್ಚುತ್ತಿದ್ದೆ.

ಇದೇ ಕಚೇರಿಯಲ್ಲಿ ನನ್ನ ಭಾವನೂ ಇದ್ದಾರೆ, ಅಕ್ಕನ ಗಂಡ. ಇಲ್ಲಿ ಜಾಗ ಖಾಲಿಯಿದೆ ಎಂದು ತಿಳಿಸಿ, ನನ್ನ ಕೈಯಲ್ಲಿ ಅರ್ಜಿ ಬರೆಸಿದವರು ಅವರೇ. ಅವರ ಕೆಲಸ ಸೋರಿಕೆ ಹುಡುಕುವುದು. ನೆಲದಡಿಯಲ್ಲಿ ಪೈಪು ಒಡೆದರೆ ನೀರು ಯಾವಾಗಲೂ ಮೇಲೆ ಬರುವುದಿಲ್ಲ. ಎಷ್ಟೋ ಸಲ ಒಳಗೊಳಗೇ ಹಳೆಯ ಚರಂಡಿ ಸೇರಿಬಿಡುತ್ತದೆ. ಮನೆಗಳಲ್ಲಿ ನೀರಿಲ್ಲ, ರಸ್ತೆಯೂ ಒಣಗಿರುತ್ತದೆ. ಆಗ ಭಾವ ಹೋಗುತ್ತಾರೆ. ಅವರ ಹತ್ತಿರ ಮೂರಡಿಯ ಕಬ್ಬಿಣದ ಸಲಾಕೆ ಇದೆ, ಅದರ ಮೇಲ್ತುದಿಯಲ್ಲಿ ಮರದ ಪುಟ್ಟ ಬಟ್ಟಲು. ರಸ್ತೆಬದಿಯಲ್ಲಿ ಕೂತು, ಸಲಾಕೆಯನ್ನು ನೆಲಕ್ಕೂರಿ, ಬಟ್ಟಲಿಗೆ ಬಲಗಿವಿ ಒತ್ತಿ, ಎಡಗಿವಿಗೆ ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ. ಯಾರದೋ ಮನೆಯ ನಲ್ಲಿ ಬಿಟ್ಟ ಸದ್ದು ಬೇರೆ, ಒಡಕಿನಿಂದ ಚಿಮ್ಮುವ ಸದ್ದು ಬೇರೆ. "ನಲ್ಲಿ ಒಂದಲ್ಲ ಒಂದು ಹೊತ್ತಿಗೆ ನಿಲ್ಲತ್ತೆ. ಸೋರಿಕೆ ಉಸಿರು ತಗೊಳ್ಳಲ್ಲ" ಎನ್ನುತ್ತಾರೆ. ಒಂದು ಜಾಗದಲ್ಲಿ ಐದು ನಿಮಿಷ, ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಐದು ನಿಮಿಷ. ಸದ್ದು ಜೋರಾದ ಕಡೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆಯುತ್ತಾರೆ. ಅಗೆಯುವವರು ಬಂದು ಅಲ್ಲೇ ಅಗೆಯುತ್ತಾರೆ.

ಕಚೇರಿಯವರು ಇದಕ್ಕೊಂದು ಯಂತ್ರವನ್ನೂ ತರಿಸಿದ್ದರು. ಲಾರಿ ಹೋದರೂ ಸೋರಿಕೆ, ಮಂಚ ಎಳೆದರೂ ಸೋರಿಕೆ ಎಂದು ಅದು ತೋರಿಸುತ್ತಿತ್ತು. ಈಗ ಅದು ಸ್ಟೋರಿನಲ್ಲಿದೆ. ಸಾಹೇಬರು ಭಾವನನ್ನು ಕರೆಯುವುದೇ ಕಿವಿ ಎಂದು. "ಕಿವಿ ಎಲ್ಲಿ? ಕಿವಿಯನ್ನ ಕಳಿಸಿ" ಎನ್ನುತ್ತಾರೆ. ಭಾವನಿಗೂ ಅದು ಬೇಸರವಿಲ್ಲ.

ಆ ಮಂಗಳವಾರ ಊಟದ ಹೊತ್ತಿಗೆ ಮೂವತ್ತೊಂದು ಕರೆ ಆಗಿತ್ತು. ಒಬ್ಬರು ನನ್ನನ್ನು ನೀರಿಲ್ಲದ ಬಾವಿಗೆ ತಳ್ಳಬೇಕು ಎಂದಿದ್ದರು. ಡಬ್ಬಿ ಬಿಚ್ಚಿ ಮೊಬೈಲು ತೆರೆದೆ. ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ವಿಡಿಯೋ. ಯಾವುದೋ ಮಹಡಿಯ ಮೇಲಿನಿಂದ ತೆಗೆದದ್ದು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಒಬ್ಬ ಮನುಷ್ಯನ ಬೆನ್ನು, ತಲೆಯ ಮೇಲೆ ಟೋಪಿ. ರಸ್ತೆಬದಿ ಕೂತು ತಲೆ ವಾಲಿಸಿಕೊಂಡು ಅಲ್ಲಾಡದೆ ಇದ್ದಾನೆ. ಕಿತ್ತಳೆ ಜಾಕೆಟ್ಟನ್ನು ಕಸದವರೂ ಹಾಕುತ್ತಾರೆ, ಕರೆಂಟಿನವರೂ ಹಾಕುತ್ತಾರೆ, ರಸ್ತೆ ರಿಪೇರಿಯವರೂ ಹಾಕುತ್ತಾರೆ. ವಿಡಿಯೋ ಹಾಕಿದವರು ಮೇಲೆ ಏನು ಬರೆದಿದ್ದರು ಎಂದು ನಾನು ನೋಡಲಿಲ್ಲ. ಅಲ್ಲಿ ಮೊದಲು ಓದಿ ಆಮೇಲೆ ಬರೆಯುವವರು ಯಾರೂ ಇಲ್ಲ. ಒಂದು ತುತ್ತು ಬಾಯಿಗೆ ಹಾಕಿಕೊಂಡು ಬರೆದೆ:

"ಸಂಬಳದ ಜೊತೆ ಜೋಗುಳನೂ ಹಾಡಬೇಕಾ, ಇಲ್ಲ ಬರೀ ತೊಟ್ಟಿಲು ಕಳಿಸಿದ್ರೆ ಸಾಕಾ?"

ಡಬ್ಬಿ ತೊಳೆದು ಬರುವಷ್ಟರಲ್ಲಿ ಇನ್ನೂರು ಜನ ನಕ್ಕಿದ್ದರು. ನಾಲ್ಕು ಗಂಟೆಗೆ ಎರಡು ಸಾವಿರದ ಮುನ್ನೂರು. ನನ್ನ ಜೀವನದಲ್ಲಿ ಅಷ್ಟು ಜನ ನನ್ನ ಯಾವ ಮಾತಿಗೂ ತಲೆದೂಗಿರಲಿಲ್ಲ. ಮುಂದಿನ ಕರೆಗಳಲ್ಲಿ ಜನ ಏನಂದರೂ ನನಗೆ ತಾಗಲಿಲ್ಲ.

ಐದೂವರೆಗೆ ಮೇಜು ಮುಚ್ಚುತ್ತಿದ್ದಾಗ ಅಕ್ಕ ಫೋನ್ ಮಾಡಿದಳು.

"ಏ, ನಿಮ್ಮ ಭಾವನ ವಿಡಿಯೋ ಹಾಕಿದಾರೆ ಕಣೇ. ಪಕ್ಕದ ಮನೆಯವಳು ತಂದು ತೋರಿಸಿದ್ಲು. ನಿದ್ದೆ ಮಾಡ್ತಿದಾರೆ ಅಂತ. ಯಾರೋ ಗುಂಡುಪಿನ್ ಅಂತೆ, ತೊಟ್ಟಿಲು ಕಳಿಸ್ಲಾ ಅಂತ ಬರೆದಿದೆ. ಅದರ ಮನೆ ಹಾಳಾಗ."

"ಹೌದಾ" ಎಂದೆ.

"ನೀನು ಆಫೀಸಲ್ಲಿ ಇರ್ತೀಯಲ್ಲ, ಅದು ಯಾರು ಅಂತ ಪತ್ತೆ ಮಾಡಕ್ಕಾಗಲ್ವಾ?"

"ನೋಡ್ತೀನಿ ಅಕ್ಕ."

ಕುರ್ಚಿಯಲ್ಲಿ ಮತ್ತೆ ಕೂತು ವಿಡಿಯೋ ನೋಡಿದೆ. ಎಡಗಿವಿಯಲ್ಲಿ ಬೆರಳಿತ್ತು. ಇಡೀ ಊರಿನಲ್ಲಿ ಆ ಬೆರಳು ನೋಡಿದರೆ ಗುರುತು ಹಿಡಿಯಬೇಕಾದವರು ಇಬ್ಬರು. ಒಬ್ಬಳು ಅಕ್ಕ, ಇನ್ನೊಬ್ಬಳು ನಾನು.

ಬರೆದದ್ದನ್ನು ತಕ್ಷಣ ಅಳಿಸಿದೆ. ಆದರೆ ಅಷ್ಟರಲ್ಲಿ ಅದರ ಚಿತ್ರ ತೆಗೆದು ಇನ್ನೂ ಹತ್ತು ಕಡೆ ಹಾಕಿದ್ದರು. ನನ್ನ ಹಂಗಿಲ್ಲದೆ ಅದು ಓಡಾಡುತ್ತಿತ್ತು. ಸರಿ, ಗುಂಡುಪಿನ್ನೇ ಸರಿಪಡಿಸಲಿ ಎಂದು ಇನ್ನೊಂದು ಬರೆದೆ: "ಅವರು ನಿದ್ದೆ ಮಾಡ್ತಿಲ್ಲ. ನೆಲದೊಳಗಿನ ಸೋರಿಕೆ ಕೇಳಿಸಿಕೊಳ್ತಿದಾರೆ. ಅದು ಅವರ ಕೆಲಸ."

"ಎಷ್ಟು ಕೊಟ್ರು ಗುಂಡುಪಿನ್?" ಎಂದು ಒಬ್ಬ ಕೇಳಿದ. "ಪಿನ್ ಮೊಂಡಾಯ್ತು" ಎಂದಳು ಇನ್ನೊಬ್ಬಳು. "ಕಿವಿಯಿಂದ ನೀರು ಹುಡುಕ್ತಾರಂತೆ. ಕರೆಂಟ್ ಹೋದ್ರೆ ಮೂಗಿನಿಂದ ಹುಡುಕ್ತಾರಾ?" ಎಂದು ಮತ್ತೊಬ್ಬ. ಬೇರೆ ದಿನವಾಗಿದ್ದರೆ ಅದಕ್ಕೆ ನಾನೂ ನಗುತ್ತಿದ್ದೆ. ಏಳು ಗಂಟೆಯೊಳಗೆ, ಗಂಡೋ ಹೆಣ್ಣೋ ಎಂದೂ ಗೊತ್ತಿಲ್ಲದೆ, ನನ್ನನ್ನು ಲಂಚಕೋರ, ಮುದುಕಿ, ಯಾರೋ ಇಟ್ಟುಕೊಂಡವಳು ಎಂದೆಲ್ಲ ಕರೆದಾಗಿತ್ತು. ಮೊಬೈಲು ಮುಚ್ಚಿಟ್ಟೆ.

ಮಾರನೆಯ ದಿನ ಭಾವ ಅದೇ ಬೀದಿಗೆ ಹೋದರು, ಹಿಂದಿನ ದಿನದ ಕೆಲಸ ಅರ್ಧಕ್ಕೆ ನಿಂತಿತ್ತು. ಸಂಜೆ ನನ್ನ ಮೇಜಿನ ಹತ್ತಿರ ಬಂದು ಸಲಾಕೆಯನ್ನು ಗೋಡೆಗೆ ಒರಗಿಸಿ ನಿಂತರು.

"ಏನಾಯ್ತು ಭಾವ?"

"ಕೂತ ಕೂಡಲೇ ಹಾಡ್ತಾರಮ್ಮ. ಲಾಲಿ ಅಂತ. ಕಾಲೇಜಿನವರು ಹಾಡಿದ್ರೆ ಹೋಗ್ಲಿ ಅನ್ನಬಹುದು. ಬ್ಯಾಂಕಿನ ಮನುಷ್ಯ, ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು, ಗೇಟಿನ ಹತ್ತಿರ ನಿಂತು ಹಾಡ್ದ. ಸ್ಕೂಟರಿನವರು ನಿಧಾನ ಮಾಡಿ ಹಾರ್ನ್ ಹೊಡೆದು 'ಏಳಪ್ಪಾ ಬೆಳಗಾಯ್ತು' ಅಂತಾರೆ."

"ನೀವೇನಂದ್ರಿ?"

"ಏನನ್ನಲಿ? ನನಗೆ ಬೇಕಾಗಿರೋದು ಅವರು ಬಾಯಿ ಮುಚ್ಚೋದು. ನಾನು ಬಾಯಿ ಬಿಟ್ರೆ ಅವರು ಇನ್ನೂ ದೊಡ್ಡದಾಗಿ ಬಿಡ್ತಾರೆ." ಸ್ವಲ್ಪ ಹೊತ್ತು ನಕ್ಷೆಯ ಕಡೆ ನೋಡಿದರು. "ಒಂದು ಜಾಗ ಗುರುತು ಹಾಕಿದೀನಿ. ಆದ್ರೆ ನನಗೇ ನಂಬಿಕೆ ಇಲ್ಲ."

ಗುರುವಾರ ಅಲ್ಲಿ ಅಗೆದರು. ಐದಡಿ ಇಳಿದರೂ ಪೈಪು ಗಟ್ಟಿಯಾಗಿತ್ತು, ಮಣ್ಣು ಒಣಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಭಾವನ ಸುತ್ತು ತಪ್ಪಿದ್ದು ಅದೇ ಮೊದಲಲ್ಲ; ಆದರೆ ತಪ್ಪಿದ್ದನ್ನು ಊರೆಲ್ಲ ನೋಡಿದ್ದು ಅದೇ ಮೊದಲು. ಒಣಗುಂಡಿಯ ವಿಡಿಯೋ ಮಧ್ಯಾಹ್ನದೊಳಗೆ ಬಂತು. "ತೊಟ್ಟಿಲಿಗೆ ಜಾಗ ರೆಡಿ" ಎಂದು ಯಾರೋ ಬರೆದಿದ್ದರು. ನನ್ನ ಮಾತಿಗೆ ಮಕ್ಕಳು ಹುಟ್ಟಿದ್ದವು.

ಸಾಹೇಬರು ಕೆಟ್ಟವರಲ್ಲ, ಹೆದರುವವರು. ಮೇಲಿನ ಕಚೇರಿಯಿಂದ ಅವರಿಗೂ ಎರಡು ಫೋನ್ ಬಂದಿತ್ತು. ನನ್ನನ್ನು ಒಳಗೆ ಕರೆದು ಒಂದು ಚೀಟಿ ಕೊಟ್ಟರು.

"ಇದನ್ನ ಟೈಪ್ ಮಾಡಿಕೊಡಿ. ಕಿವಿಯನ್ನ ಸೋಮವಾರದಿಂದ ಸ್ಟೋರಿಗೆ ಹಾಕ್ತಿದೀನಿ."

"ಸ್ಟೋರಲ್ಲಿ ಅವರೇನು ಮಾಡ್ತಾರೆ ಸರ್?"

"ನಟ್ಟು ಬೋಲ್ಟು ಎಣಿಸ್ತಾರೆ. ಜನ ಸುಮ್ಮನಾಗೋವರೆಗೆ."

"ಜನ ಯಾವಾಗ ಸುಮ್ಮನಾಗ್ತಾರೆ ಸರ್?"

"ಅದು ನನಗೆ ಗೊತ್ತಿದ್ರೆ ನಾನ್ಯಾಕೆ ಇಲ್ಲಿರ್ತಿದ್ದೆ?" ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಸೋರಿಕೆ ಸಿಕ್ಕಿದ್ರೆ ನಾನೂ ಮೇಲಿನವರಿಗೆ ಒಂದು ಮಾತು ಹೇಳಬಹುದಿತ್ತು. ಸಿಕ್ಕಿಲ್ಲವಲ್ಲ. ನಾಳೆ ಸಂಜೆ ಸಹಿ ಹಾಕ್ತೀನಿ."

ಟೈಪ್ ಮಾಡಿದೆ. ನಾಲ್ಕು ಸಾಲು. ಸ್ಟೋರಿಗೆ ಹೋದವರು ಮತ್ತೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಸರ್ವಿಸ್ ಇನ್ನೂ ನಾಲ್ಕು ವರ್ಷ ಇರುವ ಮನುಷ್ಯ, ಕಿವಿಯೊಂದೇ ಅವರ ವಿದ್ಯೆ. ಪ್ರಿಂಟ್ ತೆಗೆದು ಸಾಹೇಬರ ಮೇಜಿನ ಮೇಲಿಟ್ಟು, ಬಸ್ಸು ಹತ್ತಿ ನೇರ ಅಕ್ಕನ ಮನೆಗೆ ಹೋದೆ.

ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಭಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಸುಮ್ಮನೆ. ಅಕ್ಕ ಟೀ ತಂದು ನನ್ನ ಮುಂದಿಟ್ಟಳು.

"ಪತ್ತೆ ಆಯ್ತಾ ಅದು?"

"ಆಯ್ತು. ಗುಂಡುಪಿನ್ ನಾನೇ ಅಕ್ಕ."

"ಸುಮ್ನಿರೇ" ಎಂದು ನಕ್ಕಳು. ನಾನು ಮೊಬೈಲು ತೆರೆದು ಗುಂಡುಪಿನ್ ಹೆಸರಿನ ನನ್ನ ಖಾತೆ ತೋರಿಸಿದೆ. ಅವಳು ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಓದಿದಳು. ಆಮೇಲೆ ನನ್ನ ಮುಂದಿದ್ದ ಟೀ ಲೋಟವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಸಿಂಕಿಗೆ ಸುರಿದಳು. ಅಲ್ಲಿಂದಲೇ ಹೇಳಿದಳು: "ಇವರು ಅರ್ಜಿ ಬರೆಸಿಕೊಟ್ಟು, ಇಂಟರ್‌ವ್ಯೂ ದಿನ ರಜೆ ಹಾಕಿ ನಿನ್ನನ್ನ ಕರ್ಕೊಂಡು ಹೋದ್ರು. ಅಲ್ಲಿ ಕೂತು ಅದೇ ಕೈಯಲ್ಲಿ ಇದನ್ನ ಬರೆದ್ಯಲ್ಲ."

ಭಾವ ಕಿಟಕಿಯಿಂದ ನನ್ನ ಕಡೆ ತಿರುಗಿ ಕೇಳಿದರು: "ನಾನು ಅಂತ ಗೊತ್ತಿತ್ತಾ?"

"ಇಲ್ಲ ಭಾವ. ಬೇರೆ ಯಾರೋ ಅಂದ್ಕೊಂಡೆ."

"ಬೇರೆ ಯಾರೋ ಅಂದ್ರೆ?"

"ರಸ್ತೆ ರಿಪೇರಿಯವರು ಇರಬಹುದು ಅಂತ."

"ಅವರಿಗೂ ನಾದಿನಿಯರು ಇರ್ತಾರಮ್ಮ" ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು.

ಸ್ಟೋರಿನ ವಿಷಯ ಹೇಳಿದೆ. ಅವರಿಗೆ ಗೊತ್ತಾಗಿತ್ತು. "ಸಾಹೇಬರ ಹತ್ರ ಹೋಗಿ ನಾನೇ ಬರೆದಿದ್ದು ಅಂತ ಹೇಳ್ತೀನಿ" ಎಂದೆ.

"ಅದರಿಂದ ನೀರು ಬರುತ್ತಾ?"

"ಇಲ್ಲ."

"ಬರೆದಿದ್ದು ಅಳಿಸಕ್ಕೆ ಬರುತ್ತಾ?"

"ಅಳಿಸಿದೀನಿ. ಆದ್ರೂ ಇದೆ."

"ಹಾಗಾದ್ರೆ ಅದನ್ನ ಬಿಡು. ಆ ಬೀದೀಲಿ ಸೋರಿಕೆ ಇದೆ. ಮೊನ್ನೆ ಮೊದಲನೇ ದಿನ ನನಗೆ ಕೇಳಿಸಿತ್ತು, ಹಿಡಿಯೋ ಅಷ್ಟರಲ್ಲಿ ಹೊತ್ತು ಮುಗೀತು, ಮಾರನೇ ದಿನ ಗಲಾಟೆ ಶುರುವಾಯ್ತು. ನನಗೆ ಅರ್ಧ ಗಂಟೆ ಸದ್ದಿಲ್ಲದ ರಸ್ತೆ ಬೇಕು. ಕೊಡಿಸ್ತೀಯಾ?"

"ಹೇಗೆ ಭಾವ?"

"ಮನೆ ಮನೆಗೆ ಹೋಗು. ಬಾಯಿದೆಯಲ್ಲ. ಯಾರು ನೀನು ಅಂತ ಕೇಳ್ತಾರೆ. ಅದನ್ನೂ ಹೇಳು."

ಬಾಗಿಲ ತನಕ ಬಂದ ಅಕ್ಕ, "ಹೆಸರು ಹೇಳಬೇಕು. ಗುಂಡುಪಿನ್ ಅಂತಲ್ಲ" ಎಂದಳು.

ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಆ ಬೀದಿಯಲ್ಲಿ ನಲವತ್ತೆರಡು ಬಾಗಿಲು. ಫೋನಿನಲ್ಲಿ ಬಾಗಿಲು ಕಾಣುವುದಿಲ್ಲ. ಒಂದರ ಮುಂದೆ ಒಂಬತ್ತು ಖಾಲಿ ಕೊಡ, ಒಂದರ ಮುಂದೆ ವ್ಹೀಲ್‌ಚೇರು, ಒಂದರ ಮುಂದೆ ತೊಳೆಯದ ಪಾತ್ರೆಗಳ ರಾಶಿ. ಮೊದಲ ಬಾಗಿಲಿನಲ್ಲಿ ನನ್ನ ಹೆಸರು ಹೇಳಿ ಶುರು ಮಾಡಿದೆ.

"ನಾನು ನೀರಿನ ಆಫೀಸಿನವಳು. ಎರಡು ಗಂಟೆಗೆ ನಮ್ಮವರು ಸೋರಿಕೆ ಕೇಳಿಸಿಕೊಳ್ಳಕ್ಕೆ ಬರ್ತಾರೆ. ಅರ್ಧ ಗಂಟೆ ಟಿವಿ, ಮಿಕ್ಸಿ, ಪಂಪು ಏನೂ ಹಾಕಬೇಡಿ. ಗಾಡಿ ತೆಗೀಬೇಡಿ. ಮೊನ್ನೆ ಅವರು ನಿದ್ದೆ ಮಾಡ್ತಿದಾರೆ ಅಂತ ಜೋಗುಳದ ಮಾತು ಬರೆದವಳು ನಾನೇ. ತಪ್ಪಾಯ್ತು. ಅವರು ಕೆಲಸ ಮಾಡ್ತಿದ್ರು."

ಆ ಮನೆಯಾಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೋಡಿದ್ರೆ ಹಾಗೆ ಕಾಣಲ್ಲ ನೀವು" ಎಂದಳು. ಒಬ್ಬ ಮುದುಕರು ನನ್ನ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡರು. ಆದರೆ ಒಳಗೆ ಟಿವಿ ನಿಂತಿತು. ಇನ್ನೊಂದು ಮನೆಯಲ್ಲಿ ಹತ್ತು ನಿಮಿಷ ಬೈಸಿಕೊಂಡೆ. ರೆಕಾರ್ಡ್ ಆಗದಿದ್ದರೂ ತಿರುಗಿ ಮಾತಾಡಲಿಲ್ಲ. ಬ್ಯಾಂಕಿನ ಮನುಷ್ಯ ಊಟಕ್ಕೆ ಮನೆಗೆ ಬಂದಿದ್ದ.

"ಅಯ್ಯೋ, ನಾನು ತಮಾಷೆಗೆ ಹಾಡಿದ್ದು ಮೇಡಂ" ಎಂದು ಕೈ ಮುಗಿದ. "ನೀವು ಬರೆದಿದ್ದು ಮಾತ್ರ ಭಾರೀ ಚೆನ್ನಾಗಿತ್ತು. ನಮ್ಮ ಬ್ಯಾಂಕಲ್ಲೆಲ್ಲ ಓದಿ ಹೇಳಿದೆ."

ಹೊಗಳಿಕೆಯನ್ನು ನುಂಗುವುದು ಬೈಗುಳಕ್ಕಿಂತ ಕಷ್ಟ ಎಂದು ಆಗ ಗೊತ್ತಾಯಿತು. ಎರಡು ಗಂಟೆಗೆ ರಸ್ತೆಯ ಆ ತುದಿಯಲ್ಲಿ ನಿಂತು ಸ್ಕೂಟರುಗಳನ್ನು ತಡೆಯಬೇಕು ಎಂದೆ. ಒಪ್ಪಿಕೊಂಡ. ಒಪ್ಪದೆ ಏನು ಮಾಡುತ್ತಾನೆ, ಅವನ ಹೆಂಡತಿ ಹಿಂದೆಯೇ ನಿಂತಿದ್ದಳು.

ಕೊನೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬ ಟೈಲರಮ್ಮ. ಎರಡು ಹೊಲಿಗೆ ಯಂತ್ರ, ಕುತ್ತಿಗೆಯಲ್ಲಿ ಟೇಪು. ಅವಳ ಬಾಲ್ಕನಿಯಿಂದ ರಸ್ತೆ ನೋಡಿದಾಗಲೇ ತಿಳಿಯಿತು, ವಿಡಿಯೋ ತೆಗೆದದ್ದು ಇಲ್ಲಿಂದ. ನಾನು ಎರಡು ಮಾತಾಡುವಷ್ಟರಲ್ಲಿ ಅವಳು ಯಂತ್ರ ನಿಲ್ಲಿಸಿದಳು.

"ಈ ದನಿ ನನಗೆ ಗೊತ್ತು. ದಾಖಲು ಮಾಡಿಕೊಂಡಿದ್ದೇನೆ ಮೇಡಂ ಅಂತೀರಲ್ಲ, ಅವರಲ್ವಾ?"

"ಹೌದು."

"ಎಂಟು ದಿನ ಫೋನ್ ಮಾಡಿದೀನಿ ನಿಮಗೆ. ಒಂದು ದಿನಾನೂ ನಾನು ಜೋರಾಗಿ ಮಾತಾಡಿಲ್ಲ."

ನನಗೆ ನೆನಪಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಬರುತ್ತಿದ್ದ ಮೆಲುದನಿ. ಮೆತ್ತಗೆ ಮಾತಾಡುವವರ ದೂರನ್ನು ನಾನು ಪಟ್ಟಿಯ ಕೆಳಗೆ ಹಾಕುತ್ತಿದ್ದೆ, ಕಿರುಚುವವರದು ಮೇಲೆ. ಕಿರುಚುವವರು ಮತ್ತೆ ಫೋನ್ ಮಾಡುತ್ತಾರಲ್ಲ, ಅದಕ್ಕೆ. ಹನ್ನೊಂದು ವರ್ಷ ಹಾಗೆಯೇ ಮಾಡಿದ್ದೆ. ಬೈದರೆ ಬೇಗ ಕೆಲಸವಾಗುತ್ತದೆ ಎಂದು ಊರಿಗೆ ಪಾಠ ಹೇಳಿಕೊಟ್ಟವರಲ್ಲಿ ನಾನೂ ಒಬ್ಬಳು.

"ವಿಡಿಯೋ ನಾನು ಹಾಕಿದ್ದು ನಿಜ" ಎಂದಳು ಟೈಲರಮ್ಮ. "ಆದ್ರೆ ನಾನು ಬರೆದಿದ್ದು ಇಷ್ಟೇ: ಎಂಟು ದಿನದಿಂದ ನೀರಿಲ್ಲ, ದಯವಿಟ್ಟು ಯಾರಾದ್ರೂ ಗಮನಿಸಿ. ಅದನ್ನ ಯಾರೂ ಓದಲಿಲ್ಲ. ಎಲ್ಲರೂ ನಿಮ್ಮದನ್ನೇ ಓದಿದ್ರು."

"ನಾನೂ ಓದಲಿಲ್ಲ."

ಅವಳು ಎರಡೂ ಯಂತ್ರಗಳ ಸ್ವಿಚ್ಚು ತೆಗೆದಳು. "ಹೋಗಿ. ಅವರನ್ನ ಕರೀರಿ."

ಎರಡು ಗಂಟೆಗೆ ಭಾವ ಬಂದರು. ರಸ್ತೆಯ ಒಂದು ತುದಿಯಲ್ಲಿ ಬ್ಯಾಂಕಿನ ಮನುಷ್ಯ, ಇನ್ನೊಂದು ತುದಿಯಲ್ಲಿ ನಾನು. ಬಾಗಿಲುಗಳಲ್ಲಿ, ಕಿಟಕಿಗಳಲ್ಲಿ ಜನ. ಆರೇಳು ಮೊಬೈಲುಗಳು ಮೇಲೆದ್ದಿದ್ದವು. ಅದನ್ನು ನಾನು ತಡೆಯಲಿಲ್ಲ. ಮೊಬೈಲು ಸದ್ದು ಮಾಡುವುದಿಲ್ಲ. ಭಾವ ಯಾರನ್ನೂ ನೋಡದೆ ಕೂತರು, ಸಲಾಕೆ ಊರಿದರು, ಬೆರಳಿಟ್ಟುಕೊಂಡರು, ಕಣ್ಣು ಮುಚ್ಚಿದರು. ಯಾರೋ ಕೆಮ್ಮಿದರು, ಇನ್ಯಾರೋ ಅವರಿಗೆ ಶ್ ಅಂದರು. ಒಂದು ಜಾಗ ಆಯಿತು, ಎರಡಾಯಿತು. ಮೂರನೆಯ ಕಡೆ ಏಳಲೇ ಇಲ್ಲ. ಹತ್ತು ನಿಮಿಷವಾದ ಮೇಲೆ ಸಲಾಕೆಯನ್ನು ಒಂದು ಗೇಣು ಎಡಕ್ಕೆ ಸರಿಸಿದರು, ಮತ್ತೆ ಅರ್ಧ ಗೇಣು. ಆಮೇಲೆ ಸೀಮೆಸುಣ್ಣ ತೆಗೆದು ಸುತ್ತು ಎಳೆದರು. ಟೈಲರಮ್ಮನ ಮೆಟ್ಟಿಲ ಬುಡದಿಂದ ನಾಲ್ಕೇ ಹೆಜ್ಜೆ.

ಅಗೆಯುವವರು ನಾಲ್ಕಡಿ ಇಳಿದಾಗ ಮಣ್ಣು ಕೆಸರಾಯಿತು. ಐದಡಿಗೆ ಗುಂಡಿಯೊಳಗಿದ್ದವನ ಮುಖಕ್ಕೆ ನೀರು ಹೊಡೆಯಿತು. ಅವನು ಬೈದುಕೊಂಡು ಮೇಲೆ ಬಂದ. ಜನ ನಕ್ಕರು, ಅವನೂ ನಕ್ಕ.

ಸಂಜೆ ನಾಲ್ಕೂವರೆಗೆ ಸಾಹೇಬರ ಕೋಣೆಗೆ ಹೋಗಿ ಎರಡೂ ವಿಷಯ ಹೇಳಿದೆ: ನೀರು ಸಿಕ್ಕಿದ್ದು, ಗುಂಡುಪಿನ್ ಯಾರು ಎಂಬುದು. ಮೊದಲನೆಯದಕ್ಕೆ ಅವರ ಮುಖ ಅರಳಿತು, ಎರಡನೆಯದಕ್ಕೆ ಬಾಡಿತು. ಸಹಿಯಾಗದ ಕಾಗದವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ನನಗೊಂದು ನೋಟಿಸು ಕೊಟ್ಟರು. ಅದನ್ನೂ ನಾನೇ ಟೈಪ್ ಮಾಡಿದೆ. ಪುಟದಲ್ಲಿ ಟೈಲರಮ್ಮ ನೀರು ಬಂದ ವಿಡಿಯೋ ಹಾಕಿದ್ದಳು, ಕೆಳಗೆ "ಆ ಕೆಲಸಗಾರರಿಗೆ ಧನ್ಯವಾದ" ಎಂದು. ಹತ್ತೊಂಬತ್ತು ಜನ ಮೆಚ್ಚಿದ್ದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸೋಮವಾರ ಭಾವ ಮೇಜಿನ ಹತ್ತಿರ ಬಂದರು.

"ಸ್ಟೇಷನ್ ಹಿಂದಿನ ಬೀದಿ. ಮಧ್ಯಾಹ್ನ ಬಾ."

"ಅಲ್ಲೂ ಹಾಡ್ತಾರಾ ಭಾವ?"

"ಎಲ್ಲ ಕಡೆ ಹಾಡ್ತಾರೆ. ನೀನು ಬರೆದಿದ್ದು ಒಂದೇ ಬೀದಿಗಾ?"

ಹೀಗೆ ವಾರಕ್ಕೆರಡು ಸಲ ಊಟದ ಹೊತ್ತಿನಲ್ಲಿ ಅವರಿಗಿಂತ ಅರ್ಧ ಗಂಟೆ ಮೊದಲು ಹೋಗಿ ಬಾಗಿಲು ಬಡಿಯುತ್ತೇನೆ. ಭಾವ ಕೆಲಸದ ಮಾತಷ್ಟೇ ಆಡುತ್ತಾರೆ. ಉಳಿದದ್ದಕ್ಕೆ ಕಾಲ ಬೇಕು. ಮೊನ್ನೆ ಒಂದು ಮನೆಯ ಯಜಮಾನ ಬಾಗಿಲು ತೆರೆದದ್ದೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದುಕೊಂಡು. ಹಿಂದೆ ಅವನ ಪಂಪು ಗೊರಗೊರ ಎನ್ನುತ್ತಿತ್ತು.

"ಯಾವ ಆಫೀಸು? ಹೆಸರು ಹೇಳಿ. ಎಲ್ಲ ರೆಕಾರ್ಡ್ ಆಗ್ತಿದೆ."

ಹೆಸರು ಹೇಳಿದೆ, ಹುದ್ದೆ ಹೇಳಿದೆ, ಯಾಕೆ ಬಂದೆ ಎಂದು ಹೇಳಿದೆ, ನಾನು ಬರೆದದ್ದನ್ನೂ ಹೇಳಿದೆ. ಅವನು ಮೊಬೈಲು ಇಳಿಸಲಿಲ್ಲ. ಅದನ್ನು ಹಿಡಿದುಕೊಂಡೇ ಹಿಂದೆ ಹಿಂದೆ ನಡೆದು, ಇನ್ನೊಂದು ಕೈಯಿಂದ ಗೋಡೆಯ ಮೇಲೆ ಸ್ವಿಚ್ಚು ತಡಕಾಡಿದ. ಪಂಪು ನಿಂತಿತು. ನಾನು ಪಕ್ಕದ ಮನೆಯ ಗೇಟು ತೆರೆದೆ.